ಮಿಸೆಸ್ ಬೆನೆಟ್ ಕನ್ನಡದಲ್ಲೇ ಚೆನ್ನ

ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯನ್ನು ಕನ್ನಡ ಅನುವಾದದಲ್ಲೂ ಮೂಲ ಇಂಗ್ಲಿಷಿನಲ್ಲೂ ಜೊತೆಜೊತೆಗೆ ಓದಿದೆ. ಕನ್ನಡದ್ದು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ, ಇಂಗ್ಲಿಷಿನದು ರಾತ್ರಿ ಊಟದ ನಂತರ. ಬಸ್ಸಿನ ಕುಲುಕಾಟದಲ್ಲಿ ಆಸ್ಟಿನ್‌ರ ಇಂಗ್ಲಿಷ್ ವಾಕ್ಯ ಕೊನೆಗೆ ಬರುವಷ್ಟರಲ್ಲಿ ಅದರ ತಲೆ ಮರೆತಿರುತ್ತದೆ. ಪದಗಳು ಕಷ್ಟವಲ್ಲ, ವಾಕ್ಯವನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟ.

ಮಾತುಕತೆಯಲ್ಲಿ ಕನ್ನಡಕ್ಕೇ ಗೆಲುವು. ಬೆನೆಟ್ ದಂಪತಿಯದು ಗಂಡು ಸಂತಾನವಿಲ್ಲದ ಮನೆ, ಐದು ಹೆಣ್ಣುಮಕ್ಕಳು, ಆಸ್ತಿಯೆಲ್ಲ ದಾಯಾದಿ ಕಾಲಿನ್ಸನ ಪಾಲಾಗಲಿದೆ. ನೆರೆಗೆ ಬಂದ ಅವಿವಾಹಿತ ಬಿಂಗ್ಲಿಗೆ ವರ್ಷಕ್ಕೆ ನಾಲ್ಕೈದು ಸಾವಿರ ಪೌಂಡ್ ವರಮಾನವಂತೆ, ಅವನ ಗೆಳೆಯ ಡಾರ್ಸಿಗೆ ಹತ್ತು ಸಾವಿರವಂತೆ! ಮಿಸೆಸ್ ಬೆನೆಟ್ ಗಂಡನನ್ನು ‘ರೀ, ಕೇಳಿದಿರಾ?’ ಎಂದು ಕರೆದ ಕೂಡಲೇ ಅವಳು ನಮ್ಮ ಪಕ್ಕದ ಬೀದಿಯವಳಾಗುತ್ತಾಳೆ. ಅತ್ತೆಗೆ ಒಂದಷ್ಟು ಓದಿ ಹೇಳಿದೆ. ‘ಚನ್ನಗಿರಿ ಕಡೆಯ ಗಂಡಾದರೆ ಅಡಿಕೆ ತೋಟ ಎಷ್ಟು ಎಕರೆ ಎಂದು ನಾವು ಕೇಳುವುದಿಲ್ಲವೇ? ಐದು ಹೆಣ್ಣು ಹೆತ್ತವಳು ಇನ್ನೇನು ಮಾಡಬೇಕು?’ ಎಂದು ಅವರು ಅವಳ ಪರ ನಿಂತುಬಿಟ್ಟರು. ಇಂಗ್ಲಿಷಿನಲ್ಲಿ ಓದುವಾಗ ನಾನು ಅವಳನ್ನು ನೋಡಿ ನಕ್ಕಿದ್ದೆನೇ ಹೊರತು ಮರುಗಿರಲಿಲ್ಲ.

ಆದರೆ ನಾನು ಓದಿದ ಅನುವಾದದಲ್ಲಿ ಡಾರ್ಸಿ ಬೆನೆಟ್ ದಂಪತಿಯ ಎರಡನೆಯ ಮಗಳಾದ ಎಲಿಜಬೆತ್‌ಗೆ ‘ನೀನು’ ಎನ್ನುತ್ತಾನೆ, ಅವಳು ‘ನೀವು’ ಎನ್ನುತ್ತಾಳೆ. ಮೂಲದಲ್ಲಿ ಇಬ್ಬರಿಗೂ ಒಂದೇ ಸರ್ವನಾಮ. ಮುಂದೆ ಡಾರ್ಸಿಯ ಚಿಕ್ಕಮ್ಮ ಲೇಡಿ ಕ್ಯಾಥರೀನ್ ಎದುರು ಎಲಿಜಬೆತ್, ಡಾರ್ಸಿ ಮನೆತನಸ್ಥರು, ನಾನೂ ಮನೆತನಸ್ಥನ ಮಗಳು, ಅಲ್ಲಿಗೆ ನಾವು ಸರಿಸಮ ಎಂದು ವಾದಿಸುತ್ತಾಳೆ. ಪುಸ್ತಕವಿಡೀ ತಗ್ಗಿ ಮಾತನಾಡಿದವಳ ಬಾಯಲ್ಲಿ ಆ ವಾದಕ್ಕೆ ಬಲ ಎಲ್ಲಿಂದ ಬರಬೇಕು? ಇಬ್ಬರಿಗೂ ‘ನೀವು’ ಕೊಟ್ಟಿದ್ದರೆ ಸಾಕಿತ್ತು.

ನಿರೂಪಣೆಯಲ್ಲಿ ಮೂಲದ ಸಮಕ್ಕೆ ಅನುವಾದ ಬರುವುದೇ ಇಲ್ಲ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಎಲಿಜಬೆತ್ತಳ ಗೆಳತಿ, 27ರ ಷಾರ್ಲಟ್ ಕಾಲಿನ್ಸನಿಗೆ ಒಪ್ಪಿಗೆ ಕೊಟ್ಟಿದ್ದಾಳೆ. ಅವನಿಗೆ ಬುದ್ಧಿಯಿಲ್ಲ, ಅವನ ಸಹವಾಸ ಬೇಸರ, ಅವನ ಪ್ರೀತಿಯೂ ಕಲ್ಪನೆಯೇ ಇರಬೇಕು. ಆದರೂ ಗಂಡ ಎಂಬವನೊಬ್ಬ ಸಿಕ್ಕನಲ್ಲ. ಇದನ್ನು ಹೇಳುತ್ತಿರುವವಳು ಷಾರ್ಲಟ್ಟೋ, ಆಸ್ಟಿನ್ನೋ? ಇಂಗ್ಲಿಷ್ ಗುಟ್ಟು ಬಿಡುವುದಿಲ್ಲ; ಮರುಕವೂ ಅಣಕವೂ ಒಂದೇ ಉಸಿರಿನಲ್ಲಿ ಬರುತ್ತವೆ. ಅನುವಾದಕರು ಕೊನೆಗೆ ‘ಎಂದುಕೊಂಡಳು’ ಸೇರಿಸಿ ಎಲ್ಲವನ್ನೂ ಷಾರ್ಲಟ್ಟಳ ತಲೆಗೆ ಕಟ್ಟಿದ್ದಾರೆ. ಕನ್ನಡಕ್ಕೆ ಇದು ಆಗದ ಕೆಲಸವೇನಲ್ಲ, ಮೇಲಿನ ವಾಕ್ಯವನ್ನು ನಾನೇ ಹಾಗೆ ಬರೆದಿಲ್ಲವೇ? ಓದುಗರಿಗೆ ಗೊಂದಲವಾದೀತೆಂಬ ಭಯ, ಅಷ್ಟೇ.

ಶಾಲಾ ಮಕ್ಕಳಿಗೆಂದು ಸಿಗುವ ಸಂಕ್ಷಿಪ್ತ ಇಂಗ್ಲಿಷ್ ಆವೃತ್ತಿಯನ್ನೂ ತಿರುವಿ ನೋಡಿದೆ. ಅದರಲ್ಲಿ ಉಳಿದಿರುವುದು ಯಾರು ಯಾರನ್ನು ಮದುವೆಯಾದರು ಎಂಬುದು ಮಾತ್ರ. ಬೇಡ.

ಒಂದನ್ನೇ ಆರಿಸು ಎಂದರೆ ನಾನು ಮೂಲವನ್ನೇ ಆರಿಸುತ್ತೇನೆ. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಮೊಬೈಲಿನಲ್ಲಿ ಉಚಿತವಾಗಿಯೇ ಸಿಗುತ್ತದೆ. ಕಾಲೇಜಿನ ನಂತರ ಇಂಗ್ಲಿಷ್ ಕಾದಂಬರಿ ಮುಟ್ಟದವರು ಮೊದಲು ಕನ್ನಡದಲ್ಲಿ ಕಥೆ ತಿಳಿದುಕೊಂಡು, ಮೂಲದ ಹತ್ತೊಂಬತ್ತನೆಯ ಅಧ್ಯಾಯಕ್ಕೆ ನೇರವಾಗಿ ಹೋಗಲಿ. ಅಲ್ಲಿ ಕಾಲಿನ್ಸ್ ಎಲಿಜಬೆತ್‌ಗೆ ಮದುವೆಯ ಪ್ರಸ್ತಾಪ ಇಡುತ್ತಾನೆ. ಅವಳು ಬೇಡವೆಂದಷ್ಟೂ ಅದನ್ನು ನಾಚಿಕೆ ಎಂದೇ ತಿಳಿಯುತ್ತಾನೆ. ನಿಘಂಟಿಲ್ಲದೆಯೂ ನಗು ಬರುತ್ತದೆ.