ಎರಡು ಆಮೆ, ಒಂದು ಡೆಸ್ಕ್‌ಟಾಪ್
ಬದಿಯಡ್ಕದಲ್ಲಿ ಕೂತು ಯಕ್ಷಗಾನ ಪ್ರಸಂಗದ ಪದ್ಯ ಟೈಪ್ ಮಾಡುವವನು ನಾನು, ಕುಂಬಳೆಯಲ್ಲಿ ಕೂತು ತಿದ್ದುವವನು ಭಾವ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನೆಂಬ ಗತ್ತು ಅವನಿಗೆ. ಒಂದು ದೀರ್ಘ ತಪ್ಪಿದರೂ ಬಿಡುವವನಲ್ಲ. ಯಾವ ತಿದ್ದುಪಡಿ ಯಾರದ್ದು ಎಂಬ ಚರ್ಚೆ ಜಗಳಕ್ಕೆ ತಿರುಗಿದಾಗ ಯಾರು ಯಾವಾಗ ಏನು ತಿದ್ದಿದರೆಂದು ದಾಖಲಿಸುವ ವರ್ಷನ್ ಕಂಟ್ರೋಲಿನ ಮೊರೆ ಹೋದೆವು. ಕಮಾಂಡ್ ಹೊಡೆಯುವ ತಾಳ್ಮೆ ಇಬ್ಬರಿಗೂ ಇಲ್ಲ. ಹಾಗಾಗಿ ಎಸ್‌ವಿಎನ್, ಗಿಟ್ ಎಂಬ ಅಂಥ ಎರಡು ವ್ಯವಸ್ಥೆಗಳನ್ನು ಮೌಸಿನಿಂದಲೇ ನಡೆಸಲು ಫೈಲ್ ಎಕ್ಸ್‌ಪ್ಲೋರರಿಗೆ ಅಂಟಿಕೊಳ್ಳುವ ಟಾರ್ಟಾಯ್ಸ್ ಎಸ್‌ವಿಎನ್, ಟಾರ್ಟಾಯ್ಸ್ ಗಿಟ್ (ಟಾರ್ಟಾಯ್ಸ್ ಎಂದರೆ ಆಮೆ) ಎರಡನ್ನೂ ನನ್ನ ವಿಂಡೋಸ್ 10 ಡೆಸ್ಕ್‌ಟಾಪಿನಲ್ಲಿ ಹಾಕಿ ನೋಡಿದೆ.

ಎಸ್‌ವಿಎನ್ ಆಮೆ ಸುಲಭ. ಒಂದೇ ಫೈಲ್, ನಾಲ್ಕು ಸಲ ನೆಕ್ಸ್ಟ್ ಒತ್ತಿದರೆ ಮುಗಿಯಿತು. ಗಿಟ್ ಆಮೆಗೆ ಬೆನ್ನುಚಿಪ್ಪು ಮಾತ್ರ ಇರುವುದು. ಒಳಗಿನ ಜೀವ, ಅಂದರೆ ಗಿಟ್ ಫಾರ್ ವಿಂಡೋಸ್, ಬೇರೆಯೇ ಹಾಕಬೇಕು. ಅದು ಗೊತ್ತಿಲ್ಲದ ನಾನು ಆಮೆಯನ್ನು ಮೊದಲು ಹಾಕಿ, ಅದು "ಗಿಟ್ ಎಲ್ಲಿದೆ?" ಎಂದು ಕೇಳಿದಾಗ ಕಣ್ಣು ಕಣ್ಣು ಬಿಟ್ಟೆ.

ನಿಜವಾದ ಗೋಳು ಐಕಾನಿನದ್ದು. ಫೋಲ್ಡರಿನ ಮೇಲೆ ಹಸಿರು ಟಿಕ್, ತಿದ್ದಿದ ಫೈಲಿಗೆ ಕೆಂಪು ಗುರುತು ಬರಬೇಕು. ಬರಲೇ ಇಲ್ಲ. ಮೂರು ಸಲ ತೆಗೆದು ಹಾಕಿದೆ. ಭಾವ ಫೋನಿನಲ್ಲಿ, "ಎಂತ ಭಾವ, ಇನ್ನೂ ಬೈಂದಿಲ್ಲೆಯಾ?" ಎಂದು ನಗುತ್ತಿದ್ದ. ತಪ್ಪು ಆಮೆಗಳದ್ದಲ್ಲ. ಇಂಥ ಗುರುತುಗಳಿಗೆ ವಿಂಡೋಸಿನಲ್ಲಿ ಇರುವುದೇ 15 ಜಾಗ, ಅದರಲ್ಲೂ ಕೆಲವು ವಿಂಡೋಸಿಗೇ ಬೇಕು. ಹೆಸರಿನ ಅಕ್ಷರ ಕ್ರಮದಲ್ಲಿ ಮೊದಲು ಬಂದವರಿಗೆ ಸೀಟು. ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ತಮ್ಮ ಹೆಸರಿನ ಮುಂದೆ ಖಾಲಿ ಜಾಗ ಸೇರಿಸಿಕೊಂಡು ಸಾಲಿನ ಮುಂದೆ ನುಗ್ಗುತ್ತವೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ! ವಿಂಡೋಸಿನ ಸೆಟ್ಟಿಂಗುಗಳ ಕಣಜವಾದ ರಿಜಿಸ್ಟ್ರಿಯಲ್ಲಿ ಎಕ್ಸ್‌ಪ್ಲೋರರ್ ಕೆಳಗಿನ 'ಶೆಲ್ ಐಕಾನ್ ಓವರ್‌ಲೇ ಐಡೆಂಟಿಫೈಯರ್ಸ್' ತೆರೆದು, ಮೊದಲು ಅದರ ಬ್ಯಾಕಪ್ ತೆಗೆದು, ನನಗೆ ಬೇಡದವನ್ನು ಅಳಿಸಿದೆ. ಟಾಸ್ಕ್ ಮ್ಯಾನೇಜರಿನಿಂದ ಎಕ್ಸ್‌ಪ್ಲೋರರನ್ನು ರೀಸ್ಟಾರ್ಟ್ ಮಾಡಿದ್ದೇ ಟಿಕ್ ಬಂತು. ಎರಡೂ ಆಮೆಗಳು ಒಂದೇ ಗುರುತುಗಳನ್ನು ಹಂಚಿಕೊಳ್ಳುವುದರಿಂದ ಎರಡು ಹಾಕಿದರೆ ಜಾಗ ಎರಡು ಪಟ್ಟು ಬೇಕಾಗುವುದಿಲ್ಲ.

ಬಳಕೆಯಲ್ಲಿ ಎಸ್‌ವಿಎನ್ ಸೋತದ್ದು ಮಳೆಗೆ. ರೆಪೊಸಿಟರಿ, ಅಂದರೆ ಫೈಲು-ತಿದ್ದುಪಡಿಗಳ ಭಂಡಾರ, ಇದ್ದದ್ದು ಭಾವನ ಕಂಪ್ಯೂಟರಿನಲ್ಲಿ. ಅಲ್ಲಿ ಕರೆಂಟ್ ಹೋದರೆ ಇಲ್ಲಿ ನನಗೆ ಕಮಿಟ್, ಅಂದರೆ ತಿದ್ದುಪಡಿ ದಾಖಲಿಸುವುದು, ಇಲ್ಲ. ಆಟಿ ತಿಂಗಳಲ್ಲಿ ಕರೆಂಟಿನ ಕಥೆ ಹೇಳಬೇಕೇ ಮಾರಾಯರೇ! ಗಿಟ್ ಆದರೆ ಇಡೀ ಚರಿತ್ರೆ ನನ್ನ ಡಿಸ್ಕಿನಲ್ಲೇ. ಭೇಟಿಯಾದಾಗ ಪೆನ್‌ಡ್ರೈವಿನಲ್ಲಿ ಪುಶ್ (ಕಳಿಸುವುದು), ಪುಲ್ (ತರಿಸಿಕೊಳ್ಳುವುದು).

ಪೆನ್‌ಡ್ರೈವೂ ಒಮ್ಮೆ ಕೈಕೊಟ್ಟಿತು. 'ಡ್ಯೂಬಿಯಸ್ ಓನರ್‌ಶಿಪ್', ಅಂದರೆ ಫೋಲ್ಡರಿನ ಒಡೆಯ ಯಾರೆಂದು ಸಂಶಯ, ಎಂದು ಗಿಟ್ ಹಟ ಹಿಡಿಯಿತು. 2022ರಲ್ಲಿ ಬಂದ ಭದ್ರತೆಯ ಕಟ್ಟುಪಾಡು ಅದು; ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಡ್ರೈವಿನಲ್ಲಿ ಫೈಲಿನ ಒಡೆಯ ಯಾರೆಂಬ ದಾಖಲೆಯೇ ಇರುವುದಿಲ್ಲ. ಆ ಫೋಲ್ಡರನ್ನು 'ಸೇಫ್ ಡೈರೆಕ್ಟರಿ' ಪಟ್ಟಿಗೆ ಸೇರಿಸಿದ ಮೇಲೆ ಸುಮ್ಮನಾಯಿತು. ಇನ್ನೊಂದು: ಗಿಟ್‌ನ ಕಮಾಂಡ್ ಕಿಟಕಿಯಾದ ಗಿಟ್ ಬ್ಯಾಷ್ ತೆರೆದರೆ ಕನ್ನಡದ ಫೈಲ್ ಹೆಸರಿನ 'ಕ' ಅಕ್ಷರ \340\262\225 ಆಗಿ ಕಾಣುತ್ತದೆ. 'ಕೋರ್ ಕೋಟ್‌ಪಾತ್' ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ.

ಪದ್ಯಗಳೆಲ್ಲ ಈಗ ಗಿಟ್‌ನಲ್ಲಿ. ಎಸ್‌ವಿಎನ್ ಆಮೆಯನ್ನು ಮಾತ್ರ ತೆಗೆದಿಲ್ಲ. ಭಾವನ ಅರ್ಥಗಾರಿಕೆ ಟಿಪ್ಪಣಿಗಳೆಲ್ಲ ವರ್ಡ್ ಫೈಲುಗಳು, ಇಬ್ಬರ ತಿದ್ದುಪಡಿ ಅದರಲ್ಲಿ ಬೆರೆಸುವುದು ಕಷ್ಟ. ಅವನ್ನು ಅವನು ಎಸ್‌ವಿಎನ್‌ನಲ್ಲೇ ಇಟ್ಟು, ನನ್ನ ಕೈ ತಾಗದಂತೆ ಲಾಕ್ ಹಾಕಿದ್ದಾನೆ.