‘ಓಕ್ ಗಿಡ’ ಅಂತ ಮಾರಲು ಬಂದರೆ ಮೊದಲು ಎಲೆ ನೋಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮಳೆ ಶುರುವಾಗುತ್ತಿದ್ದಂತೆ ಟೆಂಪೋದಲ್ಲಿ ಗಿಡ ಹೇರಿಕೊಂಡು ಮನೆ ಬಾಗಿಲಿಗೇ ಬರುತ್ತಾರಲ್ಲ, ಅವರಲ್ಲಿ ಯಾರಾದರೂ ‘ಫಾರಿನ್ ಓಕ್’ ಅಂದರೆ ದುಡ್ಡು ತೆಗೆಯುವ ಮೊದಲು ಇದನ್ನು ಓದಿ.

ನಮ್ಮಲ್ಲಿಗೆ ಬಂದವನು ಒಂದು ಗಿಡಕ್ಕೆ 450 ರೂಪಾಯಿ ತೆಗೆದುಕೊಂಡ. “ಇಂಗ್ಲೆಂಡಲ್ಲಿ ಹಡಗು ಕಟ್ಟೋ ಮರ ಸಾರ್, ಎಂಥ ಗಾಳಿಗೂ ಮುರಿಯಲ್ಲ, ಮನೆ ಪಕ್ಕದಲ್ಲೇ ನೆಡಿ” ಅಂದ. ನೆಟ್ಟೆವು. ವರ್ಷಕ್ಕೆ ಆಳೆತ್ತರ ಎದ್ದಿತು. ನಿಜವಾದ ಓಕ್ ಹಾಗೆ ದಡದಡ ಬೆಳೆಯುವ ಜಾತಿಯೇ ಅಲ್ಲ. ಪಕ್ಕದ ಮನೆ ಅಜ್ಜ ಒಂದು ದಿನ ನೋಡಿ ನಕ್ಕರು: “ಇದು ಸಿಲ್ವರ್ ಅಲ್ದನಾ ತಮಾ? ಕೊಡಗಲ್ಲಿ ಕಾಫಿ ತ್ವಾಟದ ತುಂಬ ಇದೇಯ.”

ಹೌದು, ಸಿಲ್ವರ್ ಓಕ್. ಹೆಸರಿನಲ್ಲಷ್ಟೇ ಓಕ್. ಪೂರ್ವ ಆಸ್ಟ್ರೇಲಿಯಾದ ಮರ, ಓಕ್ ಕುಟುಂಬದ್ದಲ್ಲ. ಕಾಫಿಗೆ ನೆರಳಾಗಿ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಒಳ್ಳೆಯದೇ. ಮರದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದರ ಟೊಂಗೆ ಬಲು ಪೆಳಸು. ಕಳೆದ ಆಷಾಢದ ಗಾಳಿಗೆ ತೋಳು ದಪ್ಪದ ಟೊಂಗೆ ಮುರಿದು ಅಡುಗೆಮನೆ ಮಾಡಿನ ಮೇಲೆ ಬಿತ್ತು. ಹಂಚಿನ ಜೊತೆ ರೀಪು, ಪಕಾಸೂ ಹೋದವು. ಮಳೆನೀರು ನೇರ ಒಲೆಗೆ! ಮಾರಿದವನ ಫೋನ್ ಯಾವತ್ತೂ ಸ್ವಿಚ್ ಆಫ್.

ಗುರುತಿಸುವುದು ಕಷ್ಟವಿಲ್ಲ. ಸಿಲ್ವರ್ ಎಲೆ ಜರಿಗಿಡದ ಎಲೆಯಂತೆ ಸೀಳು ಸೀಳು. ತಿರುಗಿಸಿದರೆ ಅಡಿಯಲ್ಲಿ ಬೆಳ್ಳನೆಯ ನಯವಾದ ರೋಮ. ಇಂಗ್ಲಿಷ್ ಓಕ್‌ನದು ಸೀಳಿಲ್ಲದ ಒಂದೇ ಎಲೆ, ಅಂಚು ಮಾತ್ರ ಡೊಂಕುಡೊಂಕು. ಹಿಮಾಲಯದ ಬಾಂಜ್ ಓಕ್‌ನದೂ ಒಂದೇ ಎಲೆ, ಅಂಚಿಗೆ ಹಲ್ಲು. ಅಡಿ ಬೆಳ್ಳಗಿದೆ ಅನ್ನುವುದೊಂದನ್ನೇ ನಂಬಬೇಡಿ, ಬಾಂಜ್‌ಗೂ ಹಾಗೇ ಇರುತ್ತದೆ. ಸೀಳು ನೋಡಿ. ಮರ ದೊಡ್ಡದಾದರೆ ಇನ್ನೂ ಸುಲಭ: ಸಿಲ್ವರ್‌ಗೆ ಕಿತ್ತಳೆ ಹೂ, ರೆಕ್ಕೆಯ ಬೀಜ. ಓಕ್ ಕಾಯಿಯ ಬುಡಕ್ಕೆ ಪುಟ್ಟ ಬಟ್ಟಲು.

ಆನ್‌ಲೈನಿನಲ್ಲಿ ಸಿಗುವ ‘ಓಕ್ ಬೀಜ’ದ ಪೊಟ್ಟಣವೂ ಬೇಡ. ಓಕ್ ಬೀಜ ಒಣಗಿದರೆ ಮುಗೀತು, ಹಸಿ ಇರುವಾಗಲೇ ಊರಬೇಕು. ಪೊಟ್ಟಣದಲ್ಲಿ ಗಲಗಲ ಅನ್ನುವುದು ಮೊಳೆಯುವುದಿಲ್ಲ. ಮೊಳೆತರೂ ಚಳಿ ದೇಶದ ಮರಕ್ಕೆ ನಮ್ಮ ಸೆಕೆ ಒಗ್ಗಬೇಕಲ್ವಾ?

ಸಿಲ್ವರ್ರೇ ಬೇಕಿದ್ದರೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ, ಇದಕ್ಕಿಂತ ಎಷ್ಟೋ ಅಗ್ಗ. ಬೇಲಿ ಸಾಲಿಗೆ ಹಾಕಿ. ಈಗಾಗಲೇ ಮನೆ ಹತ್ತಿರ ಇದ್ದರೆ ಮಳೆಗಾಲಕ್ಕೆ ಮೊದಲೇ ಟೊಂಗೆ ಸವರಿಸಿ. ಸವರುವವರಿಗೆ ತುಂಬುತೋಳಿನ ಅಂಗಿ ಹಾಕಿಕೊಳ್ಳಲು ಹೇಳಿ. ಈ ಮರ ಕೆಲವರ ಮೈಗೆ ಆಗುವುದಿಲ್ಲ. ನಮ್ಮಲ್ಲಿ ಸವರಿದವರ ತೋಳೆಲ್ಲ ತುರಿಸಿ ಕೆಂಪಗಾಗಿತ್ತು.