ಮಳೆಗಾಲದ ಓದು: ಈ ತಿಂಗಳ ಎರಡು ಕಾದಂಬರಿ

ಈ ತಿಂಗಳು ಓದಿದ್ದು ಎರಡೇ ಮಾರಾಯ್ರೆ, ಆದ್ರೆ ಎರಡೂ ಇನ್ನೂ ತಲೆಯಿಂದ ಇಳೀಲಿಲ್ಲ. ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ಬರುವಾಗಲೇ ನನ್ನ ಓದು, ಮೊನ್ನೆ ಮೂಲ್ಕಿ ದಾಟುವಾಗ ಎರಚಲು ಹೊಡೆದು ವಸುಧೇಂದ್ರರ 'ತೇಜೋ ತುಂಗಭದ್ರಾ'ದ ನಾಲ್ಕು ಹಾಳೆ ಚಂಡಿ ಆಯ್ತು, ರಾತ್ರಿ ಫ್ಯಾನಿನ ಕೆಳಗೆ ಒಂದೊಂದೇ ಬಿಡಿಸಿ ಒಣಗಿಸಿ ಮತ್ತೆ ಓದಿದೆ.

2019ರ ಪುಸ್ತಕ, ನಾನು ಕೈಗೆತ್ತಿಕೊಳ್ಳುವಾಗ ತಡ ಆಯ್ತು. ಒಂದು ಕಡೆ ಪೋರ್ಚುಗಲ್ ದೇಶದ ಲಿಸ್ಬನ್‌ನ ತೇಜೋ ನದಿ, ಇನ್ನೊಂದು ಕಡೆ ವಿಜಯನಗರ ಕಾಲದ ತುಂಗಭದ್ರೆ. ಬೆಲ್ಲಾಳನ್ನು ಮದುವೆ ಆಗ್ಬೇಕಾದ್ರೆ ದುಡ್ಡು ಬೇಕು ಅಂತ ಗೇಬ್ರಿಯಲ್ ಇಂಡಿಯಾದ ಹಡಗು ಹತ್ತುದು, ಆ ಸಮುದ್ರಯಾನದ ಭಾಗ ಉಂಟಲ್ಲ, ಅದನ್ನು ನಾನು ಉಸಿರು ಹಿಡಿದು ಓದಿದೆ, ಇಳಿಯುವ ಸ್ಟಾಪೇ ತಪ್ಪಿ ಹೋಯ್ತು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ್ರು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಷ್ಟೇ, ಅದರೊಳಗೆ ಸಿಕ್ಕಿಬಿದ್ದ ಬಡವರ ಪಾಡು ಇಲ್ಲಿ ಕಾಣ್ತದೆ. ತುಂಬಾ ದೊಡ್ಡ ಪುಸ್ತಕ, ಕೆಲವು ಕಡೆ ವಿವರ ಜಾಸ್ತಿ ಆಯ್ತು ಅನ್ನಿಸ್ತು, ಆದ್ರೂ ಬಿಡ್ಲಿಕ್ಕೆ ಮನಸ್ಸಾಗ್ಲಿಲ್ಲ.

ಇನ್ನೊಂದು ವಿವೇಕ ಶಾನಭಾಗರ 'ಸಕೀನಾಳ ಮುತ್ತು'. ಸಣ್ಣದು, ಎರಡೇ ದಿನ ಸಾಕಾಯ್ತು. ಇಬ್ಬರು ಹುಡುಗರು ಮನೆಬಾಗಿಲಿಗೆ ಬಂದು ಮಗಳು ರೇಖಾಳನ್ನು ಕೇಳ್ತಾರೆ, ಅಲ್ಲಿಂದ ಅಪ್ಪನ ತಳಮಳ ಶುರು. ಅವನೇ ಕಥೆ ಹೇಳುದು, ಹೇಳ್ತಾ ಹೇಳ್ತಾ ಅವನಿಗೇ ಗೊತ್ತಿಲ್ಲದ ಹಾಗೆ ಅವನ ಒಳಗಿನ ಗಂಡಸು ಹೊರಗೆ ಬರ್ತಾನೆ. ಓದಿ ಮುಗಿಸಿ ನಾನು ಮಗಳ ಹತ್ರ ತುಂಬಾ ಹೊತ್ತು ಕೂತು ಮಾತಾಡಿದೆ.

ಮೊದಲು ಯಾವುದು ಓದ್ಲಿ ಅಂತ ಕೇಳಿದ್ರೆ ಶಾನಭಾಗರದ್ದೇ ಹೇಳ್ತೇನೆ. ವಸುಧೇಂದ್ರರದ್ದಕ್ಕೆ ರಜೆ ನೋಡಿ ಕೂತ್ಕೊಳ್ಳಿ, ಬಸ್ಸಲ್ಲಿ ಓದುದಾದ್ರೆ ಪ್ಲಾಸ್ಟಿಕ್ ಕವರ್ ಒಂದು ಇಟ್ಕೊಳ್ಳಿ ಆಯ್ತಾ.